ಗೋಡೆಯ ಮೇಲಿನ ಸಾಕ್ಷಿಯನ್ನು ನಾವೇ ಅಳಿಸಬೇಕೆ?

ನಮ್ಮ ಮುದ್ದೇನಹಳ್ಳಿಯಿಂದ ಬಸ್ಸಿನಲ್ಲಿ ಒಂದೂವರೆ ಗಂಟೆಯ ದಾರಿಯಲ್ಲಿರುವ ಊರೊಂದರಲ್ಲಿ ಹಳೆಯ ಮಸೀದಿಯೊಂದಿತ್ತು. ದೊಡ್ಡದೇನಲ್ಲ. ಮೂರು ಕಮಾನು, ಎರಡು ಗಿಡ್ಡ ಮಿನಾರು, ಮಿನಾರಿನ ತುದಿಯಲ್ಲಿ ಕಮಲದ ಮೊಗ್ಗು. ಗೋಡೆಯ ಗಾರೆಯಲ್ಲಿ ಬೆರಳಗಲದ ಬಳ್ಳಿ, ಅದರ ನಡುವೆ ದೀಪವಿಡಲು ಸಣ್ಣ ಸಣ್ಣ ಗೂಡುಗಳು. ಮಿಹ್ರಾಬಿನ ಮೇಲೆ ಕರಿಯ ಕಲ್ಲಿನಲ್ಲಿ ಪಾರ್ಸಿಯ ನಾಲ್ಕು ಸಾಲು. ಅದನ್ನು ಓದಬಲ್ಲವರು ಆ ಊರಿನಲ್ಲಿ ಯಾರೂ ಉಳಿದಿರಲಿಲ್ಲ. ಆದರೂ ನಮಾಝ್ ಮುಗಿಸಿ ಹೊರಡುವ ಹಿರಿಯರು ಒಮ್ಮೆ ತಲೆಯೆತ್ತಿ ಆ ಕಲ್ಲನ್ನು ನೋಡುತ್ತಿದ್ದರು. ಯಾರೋ ಹಿರೀಕರು ಏನೋ ಹೇಳಿಹೋಗಿದ್ದಾರೆ ಎಂಬ ಗೌರವ ಆ ನೋಟದಲ್ಲಿತ್ತು.

ಈಗ ಆ ಮಸೀದಿ ಇಲ್ಲ. ಅದೇ ಜಾಗದಲ್ಲಿ ಎರಡಂತಸ್ತಿನ ಕಾಂಕ್ರೀಟ್ ಕಟ್ಟಡ ಎದ್ದಿದೆ. ಮುಂಭಾಗಕ್ಕೆ ಕಾರ್ಖಾನೆಯಲ್ಲಿ ನೀಲಿ ಹೂವು ಅಚ್ಚೊತ್ತಿದ ಟೈಲ್ಸ್ ಅಂಟಿಸಿದ್ದಾರೆ. ಉಪನ್ಯಾಸವೊಂದಕ್ಕೆಂದು ಹೋಗಿದ್ದ ನನಗೆ ಕಮಿಟಿಯ ಹಿರಿಯರೊಬ್ಬರು ಹೆಮ್ಮೆಯಿಂದ ಎಲ್ಲವನ್ನೂ ತೋರಿಸಿದರು. "ಹಳೇ ಗಾರೆ ಕಟ್ಟಡ ಮೇಷ್ಟ್ರೇ, ಮಳೆ ಬಂದ್ರೆ ಸೋರೋದು. ಈಗ ನೋಡಿ, ಇರಾನಿನ ಮಸೀದಿ ಥರಾನೇ ಮಾಡಿಸಿದೀವಿ" ಎಂದು ಮೊಬೈಲಿನಲ್ಲಿದ್ದ ಇಸ್ಫಹಾನಿನ ಚಿತ್ರವನ್ನು ಮುಂದೆ ಹಿಡಿದರು. "ಆ ಕಲ್ಲು ಎಲ್ಲಿದೆ?" ಎಂದು ಕೇಳಿದೆ. ಅವರು ಸ್ವಲ್ಪ ಯೋಚಿಸಿ, "ಅದಾ? ಪಾಯಕ್ಕೆ ಹೋಗಿರಬೇಕು" ಎಂದರು.

ಅವರು ಕೆಟ್ಟವರಲ್ಲ. ತಮ್ಮ ಸಂಪಾದನೆಯ ದೊಡ್ಡ ಪಾಲನ್ನು ಅಲ್ಲಾಹನ ಮನೆಗೆ ಕೊಟ್ಟವರು. ಊರಿನ ಹೆಸರು ಹೇಳಿ ಅವರನ್ನು ನೋಯಿಸುವ ಉದ್ದೇಶ ನನಗಿಲ್ಲ. ಇದು ಒಂದೇ ಊರಿನ ಕತೆಯೂ ಅಲ್ಲ. ಬಯಲುಸೀಮೆಯ ಉದ್ದಕ್ಕೂ ನಾವು ನಮ್ಮ ಹಳೆಯ ಮಸೀದಿಗಳನ್ನು ನಮ್ಮದೇ ದುಡ್ಡು ಕೊಟ್ಟು, ನಮ್ಮದೇ ಕೈಯಿಂದ ಒಡೆಯುತ್ತಿದ್ದೇವೆ. ಪಾರ್ಸಿ ಅಕ್ಷರವಿರುವ ನಿಜವಾದ ಕಲ್ಲನ್ನು ಪಾಯಕ್ಕೆ ಹಾಕಿ, ಮೇಲೆ ಇರಾನಿನ ಚಿತ್ರ ಅಂಟಿಸುತ್ತಿದ್ದೇವೆ. ಈ ವಿಪರ್ಯಾಸದ ಬಗ್ಗೆ ನಾವು ಇನ್ನು ಸುಮ್ಮನಿರಬಾರದು.

ಇರಾನಿನ ಮಸೀದಿ ಎಂದರೇನು?

ಮೊದಲು ಇರಾನಿನ ವಿಷಯವನ್ನೇ ನೋಡೋಣ. ಇಸ್ಫಹಾನಿನ ಮಸೀದಿಗಳು ಏಕೆ ಹಾಗಿವೆ? ಮಧ್ಯೆ ಅಂಗಳ, ಅದರ ನಾಲ್ಕು ದಿಕ್ಕಿಗೂ ಒಂದೊಂದು 'ಐವಾನ್', ಅಂದರೆ ಮುಂದೆ ಪೂರ್ತಿ ತೆರೆದಿರುವ ಎತ್ತರದ ಕಮಾನಿನ ಮಂಟಪ. ಕಟ್ಟಡದ ಮೈಯೆಲ್ಲ ಇಟ್ಟಿಗೆ. ಇರಾನಿನ ಪ್ರಸ್ಥಭೂಮಿಯ ಬಹುಭಾಗದಲ್ಲಿ ಮರ ದುರ್ಲಭ. ಅಲ್ಲಿನವರು ಇಟ್ಟಿಗೆಯಲ್ಲೇ ಕಮಾನನ್ನೂ ಗುಮ್ಮಟವನ್ನೂ ಎತ್ತುವುದನ್ನು ಕಲಿತರು. ಮಳೆ ಕಡಿಮೆ, ಸುತ್ತ ಮಣ್ಣಿನ ಬಣ್ಣದ ನೆಲ. ಆ ಬೂದು ನೆಲದ ನಡುವೆ ನೀರಿನ, ಆಕಾಶದ ಬಣ್ಣವನ್ನು ಇಟ್ಟಿಗೆಗೆ ಹೊದಿಸಿದರು. ಮೆರುಗು ಹಚ್ಚಿ ಸುಟ್ಟ ಬಿಲ್ಲೆಗಳನ್ನು ಸಣ್ಣಸಣ್ಣ ಚೂರುಗಳಾಗಿ ಕತ್ತರಿಸಿ, ಹೂವಿಗೆ ಹೂವು, ಎಲೆಗೆ ಎಲೆ ಜೋಡಿಸಿದರು. ಒಂದು ಗೇಣು ಗೋಡೆ ಮುಗಿಯಲು ದಿನಗಳೇ ಬೇಕಾಗುವ ಕೆಲಸ ಅದು. 1611ರಲ್ಲಿ ಶಾ ಅಬ್ಬಾಸ್ ಇಸ್ಫಹಾನಿನಲ್ಲಿ ದೊಡ್ಡ ಮಸೀದಿಯನ್ನು ಆರಂಭಿಸಿದಾಗ, ಕೆಲಸ ಬೇಗ ಸಾಗಲೆಂದು ಚೂರು ಜೋಡಿಸುವ ಬದಲು ಒಂದೇ ಬಿಲ್ಲೆಯ ಮೇಲೆ ಹಲವು ಬಣ್ಣ ಬರೆದು ಸುಡುವ ಕ್ರಮವನ್ನು ಹೇರಳವಾಗಿ ಬಳಸಿದರು. ಅದನ್ನೂ ಕೈಯಿಂದಲೇ ಬರೆದರು.

ಅಂದರೆ ಇರಾನಿನ ಅಲಂಕಾರ ಇರಾನಿನ ಮಣ್ಣು, ಬಿಸಿಲು, ಕುಲುಮೆಯಿಂದ ಬಂದದ್ದು. ಅದು 'ಶುದ್ಧ' ಎಂಬುದೂ ಸುಳ್ಳು. ಐವಾನ್ ಇಸ್ಲಾಮಿಗಿಂತ ಹಿಂದಿನದು. ಸಾಸಾನಿ ದೊರೆಗಳ ಅರಮನೆಯ ಮಹಾಕಮಾನು ಇಂದಿಗೂ ಇರಾಕಿನ ಟೆಸಿಫಾನಿನಲ್ಲಿ ನಿಂತಿದೆ. ಮಂಗೋಲರ ಕಾಲದಲ್ಲಿ ಚೀನಾದ ಕಮಲ, ಮೋಡದ ಸುರುಳಿಗಳು ಇರಾನಿನ ಅಲಂಕಾರದೊಳಗೆ ಬಂದವು. ಶೀರಾಜಿನಲ್ಲಿ 1876ರಿಂದ 1888ರವರೆಗೆ ಕಟ್ಟಿದ ನಾಸಿರುಲ್ ಮುಲ್ಕ್ ಮಸೀದಿಯನ್ನು ನೋಡಿ: ಗೋಡೆಯ ತುಂಬ ಗುಲಾಬಿ ಹೂಗಳು, ನಡುವೆ ಯೂರೋಪಿನ ಊರುಮನೆಗಳ ಚಿತ್ರ. ತಮ್ಮ ಕಾಲ ತಂದುಕೊಟ್ಟದ್ದನ್ನು ಅವರು ತಮ್ಮ ಕುಲುಮೆಯಲ್ಲಿ ಸುಟ್ಟು ತಮ್ಮದಾಗಿಸಿಕೊಂಡರು.

ಕಾರ್ಖಾನೆಯ ಅಚ್ಚಿನ ಟೈಲ್ಸ್ ಅಂಟಿಸಿ 'ಇರಾನಿ' ಎನ್ನುವವರು ಇದರಲ್ಲಿ ಯಾವುದನ್ನು ಕಲಿತಂತಾಯಿತು? ಇರಾನಿನವರಿಂದ ಕಲಿಯಬೇಕಾದದ್ದು ನೀಲಿ ಬಣ್ಣವನ್ನಲ್ಲ. ತನ್ನ ನೆಲದ ವಸ್ತುವಿನಲ್ಲಿ, ತನ್ನ ಕೆಲಸಗಾರನ ಕೈಯಲ್ಲಿ ಕಟ್ಟುವ ಬುದ್ಧಿಯನ್ನು. ಆ ಪಾಠ ಕಲಿಯಲು ವಿಮಾನ ಹತ್ತಬೇಕಾಗಿಲ್ಲ. ಇರಾನಿನ ಕುಶಲಿಗರೇ ಬಂದು ದುಡಿದ ಕಟ್ಟಡಗಳು ನಮ್ಮ ರಾಜ್ಯದಲ್ಲೇ ಇವೆ. ಕಲಬುರಗಿಗೆ ಹೋಗಿ ಸಾಕು.

ಕಜ್ವೀನಿನ ರಫೀ ಕಲಬುರಗಿಯಲ್ಲಿ ಮಾಡಿದ್ದೇನು?

ಕಲಬುರಗಿ ಕೋಟೆಯೊಳಗಿನ ಜಾಮಿಯಾ ಮಸೀದಿಯ ಶಾಸನದಲ್ಲಿ ಕಟ್ಟಿದವನ ಹೆಸರಿದೆ: ರಫೀ ಬಿನ್ ಶಮ್ಸ್ ಬಿನ್ ಮನ್ಸೂರ್ ಅಲ್ ಕಜ್ವೀನಿ. ಕಜ್ವೀನ್ ಇರಾನಿನ ಊರು. ವರ್ಷ 1367, ಬಹಮನಿ ಒಂದನೇ ಮುಹಮ್ಮದ್ ಶಾನ ಆಳ್ವಿಕೆ. ರಾಜ್ಯ ಹುಟ್ಟಿ ಕೇವಲ 20 ವರ್ಷವಾಗಿತ್ತು. ಸುಮಾರು 216 ಅಡಿ ಉದ್ದ, 176 ಅಡಿ ಅಗಲದ ಕಟ್ಟಡ.

ಇರಾನಿನಿಂದ ಬಂದ ಈ ಮನುಷ್ಯ ಇರಾನಿನ ನಕಲು ಕಟ್ಟಿದನೇ? ಇಲ್ಲ. ಅಲ್ಲಿ ಮಸೀದಿಯ ಜೀವಾಳವೆನಿಸಿದ ಅಂಗಳವನ್ನೇ ಇಲ್ಲಿ ಬಿಟ್ಟುಬಿಟ್ಟ. ಇಡೀ ಮಸೀದಿಗೆ ಚಾವಣಿ ಹೊದಿಸಿದ. ಒಳಗೆ ಸಾಲುಸಾಲು ಕಂಬ, ಒಂದೊಂದು ಅಂಕಣದ ಮೇಲೂ ಪುಟ್ಟ ಗುಮ್ಮಟ, ನಾಲ್ಕು ಮೂಲೆಗೆ ಸ್ವಲ್ಪ ದೊಡ್ಡ ಗುಮ್ಮಟ, ಮಿಹ್ರಾಬಿನ ಮುಂದೆ ಎಲ್ಲಕ್ಕಿಂತ ಎತ್ತರದ ಒಂದು. ಮೂರು ಬದಿಯ ಹೊರಸಾಲುಗಳಲ್ಲಿ ತೀರ ತಗ್ಗಿನಿಂದಲೇ ಬಾಗಿ ಏಳುವ ಅಗಲವಾದ ಕಮಾನುಗಳು. ಬದಿಯ ಕಮಾನುಗಳಿಂದ ಬೆಳಕು ನೆಲದುದ್ದಕ್ಕೂ ಒಳಗೆ ಹರಿಯುತ್ತದೆ. ಹೊರಗೆ ಕಲಬುರಗಿಯ ಬಿಸಿಲು ಎಂಥದು ಎಂದು ಬಲ್ಲವರಿಗೆ, ಒಳಗೆ ಕಾಲಿಟ್ಟ ಕ್ಷಣ ಆ ಚಾವಣಿಯ ಅರ್ಥ ತಿಳಿಯುತ್ತದೆ. ಅಲ್ಲಿ ಹೊಳೆಯುವ ಬಿಲ್ಲೆಗಳ ಅಬ್ಬರವಿಲ್ಲ. ಕಲ್ಲು, ಗಾರೆ, ಸುಣ್ಣದ ಬಿಳುಪು, ಕಮಾನಿನ ಮೇಲೆ ಕಮಾನಿನ ನೆರಳು. ಅಲಂಕಾರವೆಂದರೆ ಅಷ್ಟೇ. ಆರೂವರೆ ಶತಮಾನದ ಮೇಲೂ ಅದು ನಿಂತಿದೆ.

ಬೀದರಿನಲ್ಲಿ ಇದಕ್ಕೆ ತದ್ವಿರುದ್ಧವಾದ ಉದಾಹರಣೆಯಿದೆ. ಮಹಮೂದ್ ಗವಾನ್ ಇರಾನಿನ ಗೀಲಾನ್ ಪ್ರಾಂತ್ಯದಿಂದ ವ್ಯಾಪಾರಿಯಾಗಿ ಬಂದು ಬಹಮನಿ ರಾಜ್ಯದ ಪ್ರಧಾನಿಯಾದವನು. 1472ರಲ್ಲಿ ಪೂರ್ಣಗೊಂಡ ಅವನ ಮದರಸಾ ಪೂರ್ತಿ ಇರಾನಿನ ಮಾದರಿಯದು: ಅಂಗಳ, ನಾಲ್ಕು ದಿಕ್ಕಿನ ಐವಾನ್, ಮೂರಂತಸ್ತಿನ ಕೋಣೆಗಳು, ಮಸೀದಿ, ಗ್ರಂಥಾಲಯ. ಮುಂಭಾಗಕ್ಕೂ ಮಿನಾರಿಗೂ ನೀಲಿ, ಬಿಳಿ, ಹಳದಿ, ಹಸಿರು ಬಿಲ್ಲೆಗಳ ಹೊದಿಕೆ. ಹಣೆಯ ಪಟ್ಟಿಯಲ್ಲಿ ಕುರ್‌ಆನಿನ ವಚನ. 1696ರಲ್ಲಿ ಅಲ್ಲಿ ಶೇಖರಿಸಿದ್ದ ಮದ್ದುಗುಂಡು ಸಿಡಿದು ಮುಂಭಾಗದ ಒಂದು ಪಾರ್ಶ್ವವೇ ಉರುಳಿತು. ಇಂದು ಹೋದರೆ ಒಂಟಿ ಮಿನಾರು, ಅಲ್ಲಲ್ಲಿ ಉಳಿದ ನೀಲಿಯ ತುಣುಕುಗಳು ಕಾಣುತ್ತವೆ. ಬಿಲ್ಲೆ ಉದುರಿದ ಕಡೆ ಕಾಣುವುದು ಬೀದರಿನ ಕಲ್ಲು. ದೂರದಿಂದ ಬಂದ ಬಣ್ಣವನ್ನು ಐದೂವರೆ ಶತಮಾನದಿಂದ ಹೊತ್ತು ನಿಂತದ್ದು ಇಲ್ಲಿಯ ಕಲ್ಲು.

ವಿಜಯಪುರದ ಹೊತ್ತಿಗೆ ಈ ಬೆಸುಗೆ ಪೂರ್ಣವಾಗುತ್ತದೆ. ಅಲ್ಲಿ ಗುಮ್ಮಟ ಏಳುವುದೇ ಕಮಲದ ದಳಗಳ ನಡುವಿನಿಂದ. ಒಂದನೇ ಅಲಿ ಆದಿಲ್ ಶಾ ಆರಂಭಿಸಿದ ಜಾಮಿಯಾ ಮಸೀದಿಯ ಮಿಹ್ರಾಬನ್ನು 1636ರಲ್ಲಿ ಮಲಿಕ್ ಯಾಕೂತ್ ಎಂಬಾತ ಚಿನ್ನ ಮತ್ತು ಬಣ್ಣಗಳಿಂದ ತುಂಬಿಸಿದ. ಗೂಡಿನಲ್ಲಿ ಹೂದಾನಿ, ಗೂಡಿನಲ್ಲಿ ಜೋಡಿಸಿಟ್ಟ ಪುಸ್ತಕಗಳು, ಎಲ್ಲವೂ ಗೋಡೆಯ ಮೇಲಿನ ಚಿತ್ರ. ಮಿಹ್ರಾಬಿನ ಅಲಂಕಾರದಲ್ಲಿ ಪುಸ್ತಕಕ್ಕೆ ಜಾಗ ಕೊಟ್ಟ ಜನರ ವಾರಸುದಾರರು ನಾವು. ಇಂದು ನಮ್ಮ ಹೊಸ ಮಿಹ್ರಾಬುಗಳಲ್ಲಿ ಮಿನುಗುವುದು ಎಲ್‌ಇಡಿ ಪಟ್ಟಿ.

'ವಿದೇಶಿ' ಎನ್ನುವವರಿಗೆ

ಇಷ್ಟು ಹೇಳುವಾಗ ಇನ್ನೊಂದು ಗುಂಪಿನ ದನಿ ನನ್ನ ಕಿವಿಗೆ ಬೀಳುತ್ತಿದೆ. 'ಇವೆಲ್ಲ ಹೊರಗಿನವರು ಕಟ್ಟಿದ್ದು, ನಮ್ಮದಲ್ಲ' ಎನ್ನುವವರ ದನಿ ಅದು. 2022ರ ಅಕ್ಟೋಬರ್‌ನಲ್ಲಿ ದಸರಾ ಮೆರವಣಿಗೆಯ ವೇಳೆ ಗುಂಪೊಂದು ಇದೇ ಗವಾನ್ ಮದರಸಾದ ಆವರಣಕ್ಕೆ ನುಗ್ಗಿ, ಘೋಷಣೆ ಕೂಗಿ ಪೂಜೆ ಮಾಡಿತು; ಪೊಲೀಸರು ಮೊಕದ್ದಮೆ ದಾಖಲಿಸಿದರು. ಮೊಕದ್ದಮೆಯ ಮಾತು ನ್ಯಾಯಾಲಯಕ್ಕೆ ಬಿಟ್ಟದ್ದು. ಆದರೆ ಆ ಘೋಷಣೆಗಳ ಹಿಂದಿರುವ 'ವಿದೇಶಿ' ಎಂಬ ಪದ ಬೀದರಿಗೆ ಹೊಸದಲ್ಲ. ಬಹಮನಿ ದರ್ಬಾರಿನಲ್ಲೇ ಹೊರಗಿನಿಂದ ಬಂದ 'ಅಫಾಕಿ'ಗಳು, ಇಲ್ಲಿಯ 'ದಖ್ಖನಿ'ಗಳು ಎಂಬ ಎರಡು ಬಣಗಳು ಕಚ್ಚಾಡುತ್ತಿದ್ದವು. ಎರಡನ್ನೂ ಸರಿದೂಗಿಸಲು ಹೆಣಗಿದ ಗವಾನನನ್ನು ನಕಲಿ ಪತ್ರವೊಂದನ್ನು ಸೃಷ್ಟಿಸಿ ರಾಜದ್ರೋಹಿ ಎನಿಸಿದರು. 1481ರಲ್ಲಿ, ಎಪ್ಪತ್ತು ದಾಟಿದ ಆ ಮುದುಕನ ತಲೆ ಉರುಳಿತು. ಸುಲ್ತಾನ ಪಶ್ಚಾತ್ತಾಪ ಪಟ್ಟನಂತೆ. ಮರುವರ್ಷ ಅವನೂ ಸತ್ತ. ಮುಂದೆ ಕೆಲವೇ ದಶಕಗಳಲ್ಲಿ ರಾಜ್ಯ ಐದು ಹೋಳಾಯಿತು. ಹೊರಗಿನವನು, ಒಳಗಿನವನು ಎಂದು ಬೇಟೆಯಾಡುವ ರಾಜಕೀಯ ಎಲ್ಲಿಗೆ ಮುಟ್ಟಿಸುತ್ತದೆ ಎಂಬುದಕ್ಕೆ ಬೀದರಿಗಿಂತ ಒಳ್ಳೆಯ ಪಾಠ ಬೇಡ.

ಬೀದರಿನ ಸಾಮಾನ್ಯ ಜನ ಈ ವಿಷಯದಲ್ಲಿ ದರ್ಬಾರಿನವರಿಗಿಂತ ಬುದ್ಧಿವಂತರು. ಅಷ್ಟೂರಿನಲ್ಲಿ 1436ರಲ್ಲಿ ತೀರಿಕೊಂಡ ಅಹಮದ್ ಶಾ ವಲಿಯ ಗೋರಿಯಿದೆ. ಒಳಗೋಡೆ, ಗುಮ್ಮಟವೆಲ್ಲ ಬಣ್ಣ ಮತ್ತು ಬಂಗಾರದ ಚಿತ್ತಾರ, ಇರಾನಿನ ಸೂಫಿ ಶಾ ನಿಯಾಮತುಲ್ಲಾರ ಪಂಥದ ನುಡಿಗಳು. ಇದಕ್ಕಿಂತ ಹೆಚ್ಚು ಇರಾನಿ ಬಣ್ಣದ ಕಟ್ಟಡ ಕರ್ನಾಟಕದಲ್ಲಿ ಸಿಗುವುದು ಕಷ್ಟ. ಆ ಗೋರಿಯ ವಾರ್ಷಿಕ ಜಾತ್ರೆಗೆ ಮಾಡ್ಯಾಳದಿಂದ ಜಂಗಮರು ಮೆರವಣಿಗೆಯಲ್ಲಿ ಬರುತ್ತಾರೆ. ಲಿಂಗಾಯತ ಭಕ್ತರ ಪಾಲಿಗೆ ಅಲ್ಲಿರುವವನು ಅಲ್ಲಮಪ್ರಭು. ಮುಸ್ಲಿಮರಿಗೆ ವಲಿ. ಇಬ್ಬರೂ ಒಂದೇ ಚಿತ್ತಾರದ ಕೆಳಗೆ ನಿಲ್ಲುತ್ತಾರೆ. ಬಿದರಿ ಕಲೆಯನ್ನು ನೋಡಿ. ಅದರ ಬೇರು ಇರಾನಿನದೆಂದು ಹೇಳುತ್ತಾರೆ. ಆದರೆ ಆ ಲೋಹಕ್ಕೆ ಕಡುಗಪ್ಪು ಬಣ್ಣ ಬರಬೇಕಾದರೆ ಬೀದರ್ ಕೋಟೆಯ ಹಳೆಯ ಮಣ್ಣೇ ಬೇಕು. 2023ರಲ್ಲಿ ಬಿದರಿ ಕುಶಲಿಗ ಶಾ ರಶೀದ್ ಅಹಮದ್ ಖಾದ್ರಿಯವರಿಗೆ ಪದ್ಮಶ್ರೀ ಕೊಟ್ಟಾಗ ಅದು ಯಾವ ದೇಶದ ಕಲೆ ಎಂದು ಯಾರಾದರೂ ಕೇಳಿದರೇ?

ನಮ್ಮೂರ ಕಡೆಗೇ ಬರೋಣ. ಮುದ್ದೇನಹಳ್ಳಿಯ ಮಗ ಸರ್ ಎಂ. ವಿಶ್ವೇಶ್ವರಯ್ಯನವರು ಹೊತ್ತ 'ದಿವಾನ' ಪದವಿಯ ಹೆಸರು ಪಾರ್ಸಿಯದು. ಗುಮಾಸ್ತ, ಶಿರಸ್ತೇದಾರ, ಜಮೀನು, ಸಿಪಾಯಿ ಎಂಬ ಮಾತುಗಳೂ ಅಲ್ಲಿಂದಲೇ ಬಂದವು. ಅವುಗಳನ್ನು ಕಿತ್ತುಹಾಕಿದರೆ ನಮ್ಮ ತಾಲ್ಲೂಕು ಕಚೇರಿಯಲ್ಲಿ ಮಾತೇ ನಿಂತುಹೋದೀತು. ವಿಶ್ವೇಶ್ವರಯ್ಯನವರ ಕನ್ನಂಬಾಡಿ ಕಟ್ಟೆಯ ಕೆಳಗೆ ಬೃಂದಾವನ ಉದ್ಯಾನ ಮಾಡಿಸಿದ ದಿವಾನ ಸರ್ ಮಿರ್ಜಾ ಇಸ್ಮಾಯಿಲರ ಅಜ್ಜ ಅಲಿ ಅಸ್ಕರ್ ಶೀರಾಜಿನಿಂದ ಬೆಂಗಳೂರಿಗೆ ಬಂದ ಕುದುರೆ ವ್ಯಾಪಾರಿ. ನಡುವೆ ಹರಿಯುವ ನೀರು, ಮೆಟ್ಟಿಲುಮೆಟ್ಟಿಲಾಗಿ ಇಳಿಯುವ ಹಾಸು, ಇಬ್ಬದಿಯ ಹೂವು: ಆ ಉದ್ಯಾನದ ಮೂಲ ಇರಾನಿನ ತೋಟದಲ್ಲಿದೆ. ಭಾನುವಾರ ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಹೋಗುವ ಯಾವ ಕನ್ನಡಿಗನಿಗೂ ಅದು ಪರದೇಶವೆನಿಸುವುದಿಲ್ಲ. ಹಾಗಾದರೆ ಕಲಬುರಗಿಯ ಕಮಾನು ಮಾತ್ರ ಹೇಗೆ ಪರದೇಶಿಯಾಯಿತು?

ಇಲ್ಲೊಂದು ಕಹಿಸತ್ಯವಿದೆ. ನಮ್ಮ ಮಸೀದಿಯನ್ನು ವಿದೇಶಿ ಎನ್ನುವವನೂ, ನಮ್ಮ ಮಸೀದಿ ವಿದೇಶಿಯಾಗಿ ಕಾಣಬೇಕೆಂದು ಹಳೆಯದನ್ನು ಒಡೆಯುವ ಕಮಿಟಿಯೂ ಒಂದೇ ಮಾತನ್ನು ನಂಬಿದ್ದಾರೆ. ಮಸೀದಿ ಈ ನೆಲದ್ದಲ್ಲ ಎಂದು ಇಬ್ಬರೂ ಒಪ್ಪಿಕೊಂಡಿದ್ದಾರೆ. ಒಬ್ಬ ದ್ವೇಷದಿಂದ, ಇನ್ನೊಬ್ಬ ಭಕ್ತಿಯಿಂದ. ಮಿನಾರಿನ ತುದಿಯ ಆ ಕಮಲದ ಮೊಗ್ಗು ಮೊದಲನೆಯವನ ಬಾಯಿ ಮುಚ್ಚಿಸುವ ಉತ್ತರವಾಗಿತ್ತು. ಅದನ್ನು ಎರಡನೆಯವರು ಸುತ್ತಿಗೆಯಿಂದ ಒಡೆದರು.

ಮೂರು ನೆಪಗಳು

ಹಳೆಯದನ್ನು ಒಡೆಯಲು ನಮ್ಮವರು ಮೂರು ಕಾರಣ ಕೊಡುತ್ತಾರೆ. ಮೊದಲನೆಯದು, ಗಾರೆ ಕಟ್ಟಡ ದುರ್ಬಲ, ಸೋರುತ್ತದೆ. ಇದನ್ನು ನಮ್ಮ ಜಿಲ್ಲೆಯವರು ಹೇಳುವುದು ಕೇಳಿದರೆ ನಗು ಬರುತ್ತದೆ. ಕನ್ನಂಬಾಡಿ ಕಟ್ಟೆಯನ್ನು ಕಲ್ಲಿನಲ್ಲಿ ಕಟ್ಟಿದ್ದು ಸುರ್ಕಿ ಗಾರೆಯಿಂದ. ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿ ಅರೆದ ಗಾರೆ ಅದು. 1911ರಲ್ಲಿ ಆರಂಭವಾದ ಆ ಕಟ್ಟೆ ಇಂದಿಗೂ ಕಾವೇರಿಯನ್ನು ತಡೆದು ನಿಲ್ಲಿಸಿದೆ. ಒಂದು ನದಿಯನ್ನು ಹಿಡಿದಿಡುವ ಗಾರೆಗೆ ಒಂದು ಮಸೀದಿಯ ಚಾವಣಿ ಹಿಡಿಯಲು ಶಕ್ತಿಯಿಲ್ಲವೇ? ಹಳೆಯ ಕಟ್ಟಡ ಸೋರುವುದು ಬಹುಪಾಲು ನಮ್ಮ ಅಲಕ್ಷ್ಯದಿಂದ. ಚಾವಣಿಯ ಬಿರುಕಿನಲ್ಲಿ ಅರಳಿ ಸಸಿ ಹುಟ್ಟಿದಾಗ ಕೀಳುವುದಿಲ್ಲ, ನೀರು ಹರಿಯುವ ದೋಣಿ ಕಟ್ಟಿಕೊಂಡರೆ ನೋಡುವುದಿಲ್ಲ. ಆಮೇಲೆ ಯಾರೋ ಬಂದು ಸಿಮೆಂಟ್ ಬಳಿಯುತ್ತಾರೆ, ಮೇಲೆ ಆಯಿಲ್ ಪೇಂಟ್ ಹೊಡೆಯುತ್ತಾರೆ. ಸುಣ್ಣದ ಗೋಡೆ ಉಸಿರಾಡುತ್ತದೆ. ಹೀರಿದ ತೇವವನ್ನು ಮತ್ತೆ ಹೊರಗೆ ಬಿಡುತ್ತದೆ. ಸಿಮೆಂಟೂ ಪೇಂಟೂ ಅದರ ಬಾಯಿ ಮುಚ್ಚುತ್ತವೆ. ತೇವ ಒಳಗೇ ಉಳಿದು ಗಾರೆಯನ್ನು ಪುಡಿ ಮಾಡುತ್ತದೆ. ಆಗ 'ನೋಡಿ, ಹಳೇ ಗಾರೆ ಉದುರುತ್ತಿದೆ' ಎನ್ನುತ್ತೇವೆ. ಕಾಂಕ್ರೀಟಿನ ಒಳಗಿರುವ ಕಬ್ಬಿಣಕ್ಕೆ ನೀರು ತಾಗಿದರೆ ಅದು ತುಕ್ಕು ಹಿಡಿದು ಉಬ್ಬಿ ಚಾವಣಿಯನ್ನು ಸೀಳುತ್ತದೆ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಎರಡನೆಯದು, ಜನ ಹೆಚ್ಚಾದರು, ಜಾಗ ಸಾಲದು. ಇದು ನಿಜವಾದ ಕಷ್ಟ. ಜುಮಾ ದಿನ ರಸ್ತೆಯಲ್ಲಿ ನಿಲ್ಲಬೇಕಾದ ಪರಿಸ್ಥಿತಿ ಯಾರಿಗೂ ಬೇಡ. ಆದರೆ ಜಾಗ ಬೇಕೆಂದರೆ ಪಕ್ಕಕ್ಕೆ ಬೆಳೆಸಬಹುದು, ಹಿಂದಕ್ಕೆ ಬೆಳೆಸಬಹುದು, ಹಳೆಯದನ್ನು ಒಳಮನೆಯಾಗಿ ಉಳಿಸಿ ಸುತ್ತ ಹೊಸದನ್ನು ಕಟ್ಟಬಹುದು. ಮುದ್ದೇನಹಳ್ಳಿಯಿಂದ ಕೂಗಳತೆ ಎನ್ನುವಷ್ಟು ಹತ್ತಿರದಲ್ಲಿರುವ ಭೋಗನಂದೀಶ್ವರ ದೇವಾಲಯವನ್ನು ನಮ್ಮ ಕಮಿಟಿಯವರು ಒಮ್ಮೆ ಹೋಗಿ ನೋಡಲಿ. ನೊಳಂಬರ ಕಾಲದ ಗುಡಿಗೆ ಮುಂದಿನ ರಾಜವಂಶಗಳು ಒಂದೊಂದಾಗಿ ಸೇರಿಸುತ್ತ ಹೋದವು. ವಿಜಯನಗರದವರು ಕಲ್ಯಾಣಿ, ಪ್ರಾಕಾರಗಳನ್ನು ಕೊಟ್ಟರು. ಜಾಗ ಬೇಕೆಂದು ಹಿಂದಿನವರ ಗರ್ಭಗುಡಿಯನ್ನು ಒಡೆಯಲಿಲ್ಲ. ಬೆಳೆಸುವುದಕ್ಕೂ ಬದಲಿಸುವುದಕ್ಕೂ ವ್ಯತ್ಯಾಸವಿದೆ.

ಮೂರನೆಯದು ಧರ್ಮದ ಹೆಸರಿನದು, ಆದ್ದರಿಂದ ಹೆಚ್ಚು ಎಚ್ಚರದಿಂದ ನೋಡಬೇಕಾದದ್ದು. ಇಸ್ಲಾಮ್ ಸರಳತೆ ಬಯಸುತ್ತದೆ, ಹಳೆಯ ಚಿತ್ತಾರ ಗೋರಿ ಕೆತ್ತನೆಗಳ ಮೇಲೆ ಮೋಹವೇಕೆ ಎನ್ನುತ್ತಾರೆ. ಸರಳತೆಯ ಮಾತು ಸರಿ. ಮದೀನಾದ ಮೊದಲ ಮಸೀದಿ ಹಸಿ ಇಟ್ಟಿಗೆಯ ಗೋಡೆ, ಖರ್ಜೂರದ ಕಾಂಡದ ಕಂಬ, ಗರಿಯ ಚಾವಣಿಯದು. ಗುಮ್ಮಟವಿರಲಿಲ್ಲ, ಮಿನಾರೂ ಇರಲಿಲ್ಲ. ಅದನ್ನು ದುರಸ್ತಿ ಮಾಡಿಸಿದಾಗ ಖಲೀಫಾ ಉಮರ್(ರ) ಜನರಿಗೆ ಮಳೆಯಿಂದ ರಕ್ಷಣೆ ಕೊಟ್ಟರೆ ಸಾಕು, ಕೆಂಪು ಹಳದಿ ಬಳಿದು ಗಮನ ಕೆಡಿಸಬೇಡಿ ಎಂದರು. ಮಸೀದಿಗಳ ವಿಷಯದಲ್ಲಿ ಜನ ಪರಸ್ಪರ ಪೈಪೋಟಿಗೆ ಇಳಿಯುವರೆಂದು ಪ್ರವಾದಿ(ಸ) ಎಚ್ಚರಿಸಿದ್ದಾರೆ. ಈ ಎಚ್ಚರಿಕೆ ಯಾರಿಗೆ ಅನ್ವಯಿಸುತ್ತದೆ? ಬಳ್ಳಿಯ ಗಾರೆಯ ಮೂರು ಕಮಾನಿನ ಹಳೆಯ ಮಸೀದಿಗೋ, ಪಕ್ಕದ ಊರಿನ ಮಿನಾರಿಗಿಂತ ಹತ್ತಡಿ ಎತ್ತರ ಬೇಕೆಂದು ಚಂದಾ ಎತ್ತುವ ನಮಗೋ? ಸರಳತೆಯ ಹೆಸರಿನಲ್ಲಿ ಗಾರೆಯ ಹೂವನ್ನು ಕೆರೆದು, ಅದೇ ಗೋಡೆಗೆ ಗ್ರಾನೈಟ್ ಹೊದಿಸಿ, ಮೇಲಿನಿಂದ ಗಾಜಿನ ಜೂಮರ್ ತೂಗಿಬಿಡುವುದು ಯಾವ ಸರಳತೆ?

ಪ್ರತಿ ಮಸೀದಿಗೂ ಹಸಿರು ಗುಮ್ಮಟ ಬೇಕೆನ್ನುವವರು ಇದನ್ನೂ ತಿಳಿದಿರಲಿ: ಪ್ರವಾದಿ(ಸ)ಯವರ ಗೋರಿಯ ಮೇಲೆ ಗುಮ್ಮಟ ಬಂದದ್ದು 1279ರಲ್ಲಿ, ಅದಕ್ಕೆ ಹಸಿರು ಬಣ್ಣ ಹಚ್ಚಿದ್ದು 1837ರಲ್ಲಿ, ಉಸ್ಮಾನಿ ತುರ್ಕರ ಕಾಲದಲ್ಲಿ. ಅಂದರೆ ಕಲಬುರಗಿಯ ಮಸೀದಿ ಆ ಹಸಿರು ಬಣ್ಣಕ್ಕಿಂತ 470 ವರ್ಷ ಹಳೆಯದು. ಮೂಲಕ್ಕೆ ಮರಳುತ್ತಿದ್ದೇವೆಂದು ಭಾವಿಸಿ ನಾವು ಹೊಸದಕ್ಕಾಗಿ ಹಳೆಯದನ್ನು ಒಡೆಯುತ್ತಿದ್ದೇವೆ.

ನಾವು ಮಾಡಬೇಕಾದದ್ದು

ಇದು ಬರೀ ಸೌಂದರ್ಯದ ಪ್ರಶ್ನೆಯಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಇಂದು ಊರೂರಿನಲ್ಲಿ ಮಸೀದಿಗಳ ಹಳಮೆಯನ್ನೇ ಪ್ರಶ್ನಿಸುವ ಕಾಲ ಬಂದಿದೆ. ದಾಖಲೆ ಎಲ್ಲಿ, ಪುರಾವೆ ಎಲ್ಲಿ ಎಂದು ಕೇಳುತ್ತಾರೆ. 1991ರ ಪೂಜಾಸ್ಥಳಗಳ ಕಾಯ್ದೆಯಿದೆ ಎಂದು ನಾವು ನೆಚ್ಚಿಕೊಂಡಿದ್ದೇವೆ. ಆದರೆ ಕಾಯ್ದೆಯ ಮುಂದೆ ಇಡಬೇಕಾದ ಸಾಕ್ಷಿ ಏನು? ಮಿಹ್ರಾಬಿನ ಮೇಲಿನ ಶಾಸನ, ಕಮಾನಿನ ಆಕಾರ, ಗಾರೆಯ ಹದ, ಇಟ್ಟಿಗೆಯ ಅಳತೆ. ಕಟ್ಟಡ ಯಾವ ಕಾಲದ್ದೆಂದು ತಜ್ಞರು ಹೇಳುವುದು ಇವುಗಳಿಂದ. ನೂರಾರು ವರ್ಷ ಗೋಡೆಯ ಮೇಲಿದ್ದ ಸಾಕ್ಷಿಯನ್ನು ಒಂದು ಬೇಸಿಗೆಯಲ್ಲಿ ಪಾಯಕ್ಕೆ ಹಾಕಿದರೆ, ನಾಳೆ ನ್ಯಾಯಾಲಯದಲ್ಲಿ ಏನು ತೋರಿಸುತ್ತೀರಿ? ಟೈಲ್ಸ್ ಅಂಗಡಿಯ ರಸೀದಿಯನ್ನೇ?

ಆದ್ದರಿಂದ ಮುತವಲ್ಲಿಗಳನ್ನು, ಕಮಿಟಿಯವರನ್ನು ಕೈಮುಗಿದು ಕೇಳುತ್ತೇನೆ. ಹಾರೆ ಎತ್ತುವ ಮೊದಲು ಕಟ್ಟಡದ ಒಳಗೂ ಹೊರಗೂ ಚಿತ್ರ ತೆಗೆಸಿ, ಅಳತೆ ಬರೆಸಿ. ಶಾಸನವಿದ್ದರೆ ಅದರ ಅಚ್ಚು ತೆಗೆಸಿ ಪಾರ್ಸಿ ಬಲ್ಲವರಿಗೆ ತೋರಿಸಿ. ಕಾಂಕ್ರೀಟ್ ಕಂಟ್ರಾಕ್ಟರನ್ನು ಕೇಳುವ ಮೊದಲು ಸುಣ್ಣದ ಕೆಲಸ ಬಲ್ಲ ಎಂಜಿನಿಯರನ್ನು ಕೇಳಿ. ಕಂಟ್ರಾಕ್ಟರನನ್ನು ಕೇಳಿದರೆ ಒಡೆಯಿರಿ ಎಂದೇ ಹೇಳುತ್ತಾನೆ. ಅವನ ಹೊಟ್ಟೆಪಾಡು ಅದು. ವಕ್ಫ್ ಮಂಡಳಿಯವರನ್ನೂ ಕೇಳುತ್ತೇನೆ: ನಿಮ್ಮ ಬಳಿ ಆಸ್ತಿಯ ಎಕರೆ ಗುಂಟೆಯ ಲೆಕ್ಕವಿದೆ. ಹಳೆಯ ಮಸೀದಿಗಳ ಶಾಸನ, ಕಟ್ಟಡಗಳ ಚಿತ್ರಸಹಿತ ಪಟ್ಟಿಯೊಂದನ್ನು ಜಿಲ್ಲೆಗೊಂದರಂತೆ ಮಾಡಿಸಿ, ನೂರು ವರ್ಷ ದಾಟಿದ ಕಟ್ಟಡವನ್ನು ತಜ್ಞರ ವರದಿಯಿಲ್ಲದೆ ಒಡೆಯಬಾರದೆಂದು ನಿಯಮ ಮಾಡಿ. ನಿಜಾಮರ ಕಾಲದಲ್ಲಿ ಗುಲಾಮ್ ಯಜ್ದಾನಿಯವರು ಬೀದರಿನ ಒಂದೊಂದು ಗೋಡೆಯನ್ನೂ ಅಳೆದು ಬರೆದು 1947ರಲ್ಲಿ ಪುಸ್ತಕ ಮಾಡಿದರು. ಇಂದು ಕೈಯಲ್ಲಿ ಕ್ಯಾಮೆರಾ ಇಲ್ಲದ ಹುಡುಗನೇ ಇಲ್ಲ. ಆದರೂ ನಮ್ಮ ತಾಲ್ಲೂಕಿನ ಮಸೀದಿಗಳ ಬಗ್ಗೆ ಹತ್ತು ಪುಟ ಇಲ್ಲ.

ನಮ್ಮ ಖತೀಬರು ಜುಮಾ ಖುತ್ಬಾದಲ್ಲಿ ವರ್ಷಕ್ಕೊಂದು ಸಲವಾದರೂ ಇದನ್ನು ಹೇಳಲಿ. ಹಿರಿಯರು ವಕ್ಫ್ ಮಾಡಿದ್ದು ನಿವೇಶನವನ್ನು ಮಾತ್ರವಲ್ಲ. ಗಾರೆಯವನು ಅರೆದ ಸುಣ್ಣ, ಕಲ್ಲುಕುಟಿಗ ಹೊಡೆದ ಉಳಿಪೆಟ್ಟು, ಬರೆದವನ ಅಕ್ಷರ, ಇವೂ ಆ ದಾನದಲ್ಲಿ ಸೇರಿವೆ. ಅಮಾನತ್ತಾಗಿ ಬಂದದ್ದನ್ನು ಮುಂದಿನವರಿಗೆ ದಾಟಿಸುವುದು ನಮ್ಮ ಕೆಲಸ. ಇಷ್ಟಬಂದಂತೆ ಬದಲಿಸುವ ಅಧಿಕಾರ ನಮಗಿಲ್ಲ.

ಕಜ್ವೀನಿನಿಂದ ಬಂದ ರಫೀಗೆ ತನ್ನೂರಿನ ನಕಲು ಬೇಕೆನಿಸಲಿಲ್ಲ. ಕಲಬುರಗಿಯ ಕಲ್ಲು ಏನು ಹೇಳುತ್ತದೆಂದು ಕೇಳಿಸಿಕೊಂಡ. ಈ ನೆಲದಲ್ಲೇ ಹುಟ್ಟಿದ ನಮಗೆ ಅದು ಏಕೆ ಕೇಳಿಸುತ್ತಿಲ್ಲ? ಆ ಊರಿನ ಹೊಸ ಮಸೀದಿಯ ಪಾಯದಲ್ಲಿ, ನಮಾಝ್ ಮಾಡುವವರ ಕಾಲಡಿಯಲ್ಲಿ, ನಾಲ್ಕು ಸಾಲು ಪಾರ್ಸಿ ಮುಖ ಕೆಳಗಾಗಿ ಬಿದ್ದಿದೆ. ಅದರಲ್ಲಿ ಏನಿತ್ತೆಂದು ಇನ್ನು ಯಾರಿಗೂ ತಿಳಿಯುವುದಿಲ್ಲ. ನಿಮ್ಮ ಊರಿನ ಮಸೀದಿಯಲ್ಲಿ ಅಂಥ ಕಲ್ಲು ಇನ್ನೂ ಗೋಡೆಯ ಮೇಲಿದ್ದರೆ, ಬರುವ ಶುಕ್ರವಾರ ಹೋದಾಗ ಅದರ ಒಂದು ಚಿತ್ರ ತೆಗೆದಿಡಿ. ಅಲ್ಲಿಂದ ಶುರುಮಾಡೋಣ.